ನುಡಿಯೂ ಸಂಕಲ್ಪವೂ

ಕನ್ನಡದಲ್ಲಿ ‘ಭಾಷೆ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಜನರು ಪರಸ್ಪರ ವ್ಯವಹರಿಸುವ ನುಡಿ ಎಂಬುದು ಒಂದು; ಆಣೆ, ಪ್ರತಿಜ್ಞೆ, ಕೊಟ್ಟ ಮಾತು ಎಂಬುದು ಮತ್ತೊಂದು. ‘ಭಾಷೆ ಕೊಟ್ಟನು’, ‘ಭಾಷೆಗೆ ತಪ್ಪಿದನು’ ಎಂಬ ಪ್ರಯೋಗಗಳಲ್ಲಿ ಎರಡನೆಯ ಅರ್ಥವೇ ಪ್ರಧಾನವಾದುದು. ಇದು ಒಂದು ಪದಕ್ಕೆ ಮಾತ್ರ ಸಂದ ವೈಚಿತ್ರ್ಯವೂ ಅಲ್ಲ. ಮಾತು, ನುಡಿ, ವಚನ ಎಂಬ ಪದಗಳೂ ಇದೇ ಬಗೆಯವು. ಮಾತನಾಡುವುದೂ ಮಾತೇ, ಮಾತು ಕೊಡುವುದೂ ಮಾತೇ. ಶರಣರ ಉಕ್ತಿಗಳಿಗೆ ‘ವಚನ’ ಎಂಬ ಹೆಸರು ನೆಲೆನಿಂತಿದೆ. ಅದೇ ಪದವು ‘ವಚನಬದ್ಧ’, ‘ವಚನಭ್ರಷ್ಟ’ ಎಂಬ ಸಮಾಸಗಳಲ್ಲಿ ಪ್ರತಿಜ್ಞೆಯನ್ನು ಸೂಚಿಸುತ್ತದೆ. ಆಡುವುದಕ್ಕೂ ಒಪ್ಪಿಕೊಳ್ಳುವುದಕ್ಕೂ ಒಂದೇ ಪದವನ್ನು ಇರಿಸಿಕೊಂಡ ಜನ, ಆಡಿದ ಮಾತು ಆಡಿದವನನ್ನು ಕಟ್ಟುತ್ತದೆ ಎಂಬ ತಿಳಿವಳಿಕೆಯನ್ನು ನುಡಿಯಲ್ಲಿಯೇ ಅಡಗಿಸಿಟ್ಟಿದ್ದಾರೆ ಎನ್ನಬಹುದು.

ಮತ್ತೊಬ್ಬರಿಗೆ ಕೊಟ್ಟ ಭಾಷೆಗೆ ಕೇಳುವವರಿದ್ದಾರೆ. ತಪ್ಪಿದರೆ ಬಂದು ಕೇಳುವ ಹಕ್ಕು ಅವರಿಗುಂಟು. ಆದರೆ ‘ಇನ್ನು ಕುಡಿಯುವುದಿಲ್ಲ’, ‘ದಿನವೂ ಒಂದು ಗಂಟೆ ಓದುತ್ತೇನೆ’, ‘ಸಾಲ ತೀರುವವರೆಗೆ ದುಂದುವೆಚ್ಚ ಮಾಡೆನು’ ಎಂದು ಮನುಷ್ಯನು ತನಗೆ ತಾನೇ ಕೊಟ್ಟುಕೊಳ್ಳುವ ಭಾಷೆಯ ಸ್ಥಿತಿ ಬೇರೆ. ಅಲ್ಲಿ ಕೊಡುವವನೂ ತಾನೇ, ಪಡೆಯುವವನೂ ತಾನೇ, ಕ್ಷಮಿಸಿಬಿಡುವವನೂ ತಾನೇ. ಆದಕಾರಣ ಅಲ್ಲಿ ಮಾತಿನ ರೂಪವೇ ಬಹುಮಟ್ಟಿಗೆ ಸಾಕ್ಷಿಯಾಗಿ ನಿಲ್ಲಬೇಕಾಗುತ್ತದೆ. ಸಂಕಲ್ಪವನ್ನು ಯಾವ ಪದಗಳಲ್ಲಿ, ಯಾವ ಕ್ರಿಯಾರೂಪದಲ್ಲಿ ಹೇಳಿಕೊಂಡರೆ ಅದು ನಿಲ್ಲುತ್ತದೆ, ಯಾವುದರಲ್ಲಿ ಹೇಳಿಕೊಂಡರೆ ಹುಟ್ಟುವಾಗಲೇ ಸಡಿಲವಾಗಿರುತ್ತದೆ ಎಂಬುದು ಆದ್ದರಿಂದ ಕೇವಲ ವೈಯಾಕರಣರ ಕುತೂಹಲವಲ್ಲ; ಸಾಧಕನಿಗೂ ಗೃಹಸ್ಥನಿಗೂ ವಿದ್ಯಾರ್ಥಿಗೂ ಸಂಬಂಧಿಸಿದ ವಿಚಾರ.

ಕೊಡುವ, ತೊಡುವ, ಹೊರುವ ಮಾತು

ಪ್ರತಿಜ್ಞೆಯನ್ನು ಹೇಳಲು ಕನ್ನಡವು ಬಳಸುವ ಕ್ರಿಯಾಪದಗಳನ್ನು ಮೊದಲು ಗಮನಿಸಬೇಕು. ಮಾತನ್ನು ‘ಕೊಡು’ತ್ತಾರೆ, ಕೊಟ್ಟದ್ದನ್ನು ‘ಉಳಿಸಿಕೊಳ್ಳು’ತ್ತಾರೆ. ದೀಕ್ಷೆಯನ್ನೂ ಪಣವನ್ನೂ ‘ತೊಡು’ತ್ತಾರೆ. ವ್ರತವನ್ನು ‘ಹಿಡಿ’ಯುತ್ತಾರೆ. ಹರಕೆಯನ್ನು ‘ಹೊರು’ತ್ತಾರೆ, ಬಳಿಕ ‘ತೀರಿಸು’ತ್ತಾರೆ. ಕಾರ್ಯಕ್ಕೆ ‘ಟೊಂಕ ಕಟ್ಟು’ತ್ತಾರೆ. ಇವೆಲ್ಲ ಕೈ, ಮೈ, ಬೆನ್ನು, ಸೊಂಟಗಳಿಗೆ ಸಂಬಂಧಿಸಿದ ಕ್ರಿಯೆಗಳು. ಸಂಕಲ್ಪವು ಮನಸ್ಸಿನಲ್ಲಿ ಸುಳಿಯುವ ಒಂದು ಬಯಕೆಯಲ್ಲ, ಮೈಮೇಲೆ ಬರುವ ಒಂದು ವಸ್ತು ಎಂಬ ಭಾವನೆ ಇಲ್ಲಿ ಸ್ಪಷ್ಟವಾಗಿದೆ. ತೊಟ್ಟದ್ದು ಕಣ್ಣಿಗೆ ಕಾಣುತ್ತದೆ. ಹೊತ್ತದ್ದು ಇಳಿಸುವವರೆಗೆ ಭಾರವಾಗಿರುತ್ತದೆ. ತೀರಿಸಬೇಕಾದದ್ದು ಸಾಲದಂತೆ ಬೆನ್ನು ಹತ್ತುತ್ತದೆ.

ಇದಕ್ಕೆ ಪ್ರತಿಯಾಗಿ ‘ಅಂದುಕೊಳ್ಳು’ ಎಂಬ ಕ್ರಿಯಾಪದವನ್ನು ಇಟ್ಟು ನೋಡಬಹುದು. ‘ಬೆಳಗ್ಗೆ ಬೇಗ ಏಳಬೇಕೆಂದು ಅಂದುಕೊಂಡಿದ್ದೇನೆ’ ಎಂಬ ವಾಕ್ಯದಲ್ಲಿ ಯಾರೂ ಏನನ್ನೂ ಕೊಟ್ಟಿಲ್ಲ, ತೊಟ್ಟಿಲ್ಲ, ಹೊತ್ತಿಲ್ಲ. ಅಂದುಕೊಂಡದ್ದನ್ನು ತೀರಿಸಬೇಕಾದ ಋಣವಿಲ್ಲ. ಹೊಸ ವರ್ಷದ ದಿನ ಮಾಡಿದ ಅನೇಕ ನಿರ್ಧಾರಗಳು ಯುಗಾದಿಯ ವೇಳೆಗೆ ಮರೆತುಹೋಗುವುದಕ್ಕೆ, ಅವು ‘ಅಂದುಕೊಂಡ’ ಮಟ್ಟದಲ್ಲಿಯೇ ಉಳಿದಿರುವುದೂ ಒಂದು ಕಾರಣ.

ಮಾತಾಡುವುದು ಒಂದು ಸಂಗತಿಯನ್ನು ವರ್ಣಿಸುವುದಷ್ಟೇ ಅಲ್ಲ, ಒಂದು ಕಾರ್ಯವನ್ನು ಮಾಡುವುದೂ ಹೌದು ಎಂಬ ವಿಚಾರವನ್ನು ಪಾಶ್ಚಾತ್ಯ ತತ್ತ್ವಶಾಸ್ತ್ರದಲ್ಲಿ ವಿಶದವಾಗಿ ಪ್ರತಿಪಾದಿಸಿದವರು ಜೆ. ಎಲ್. ಆಸ್ಟಿನ್. 1955ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಅವರು ನೀಡಿದ ಉಪನ್ಯಾಸಗಳು ಅವರ ಮರಣಾನಂತರ, 1962ರಲ್ಲಿ, ಗ್ರಂಥರೂಪದಲ್ಲಿ ಹೊರಬಂದವು. ‘ಮಾತು ಕೊಡುತ್ತೇನೆ’ ಎನ್ನುವವನು ಮಾತು ಕೊಡುವ ಕ್ರಿಯೆಯನ್ನು ವರ್ಣಿಸುತ್ತಿಲ್ಲ. ಹಾಗೆ ಹೇಳುವುದರಲ್ಲಿಯೇ ಮಾತು ಕೊಟ್ಟಾಗುತ್ತದೆ ಎಂಬುದು ಅವರ ವಾದದ ತಿರುಳು. ‘ಭಾಷೆ’ ಎಂಬ ಪದದ ಎರಡು ಅರ್ಥಗಳನ್ನು ಬಲ್ಲ ಕನ್ನಡಿಗನಿಗೆ ಈ ವಾದ ಅಪರಿಚಿತವೆನಿಸದು.

ಕರ್ತೃ ಎಲ್ಲಿ?

ಸಂಕಲ್ಪವನ್ನು ಸಡಿಲಗೊಳಿಸುವ ಮೊದಲ ಉಪಾಯವೆಂದರೆ ವಾಕ್ಯದಿಂದ ಕರ್ತೃವನ್ನು ಜಾರಿಸಿಬಿಡುವುದು. ಇದಕ್ಕೆ ಕನ್ನಡದಲ್ಲಿ ಅನುಕೂಲಗಳು ಹೇರಳವಾಗಿವೆ. ‘ನಾನು ಓದಲಿಲ್ಲ’ ಎಂಬುದು ಒಂದು ವಾಕ್ಯ. ‘ಓದಲು ಆಗಲಿಲ್ಲ’ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಓದದೆ ಇದ್ದವನು ಎದುರಿಗೆ ನಿಂತಿದ್ದಾನೆ. ಎರಡನೆಯದರಲ್ಲಿ ‘ಆಗು’ ಎಂಬ ಕ್ರಿಯಾಪದ ಬಂದು, ಓದು ಎಂಬುದು ಮಳೆಯಂತೆ ತಾನಾಗಿ ಆಗಬೇಕಾದ, ಆಗದೆಹೋದ ಸಂಗತಿಯಾಗಿದೆ. ‘ಪುರುಸೊತ್ತು ಸಿಗಲಿಲ್ಲ’ ಎಂಬಲ್ಲಿ ಕರ್ತೃಸ್ಥಾನದಲ್ಲಿ ಕುಳಿತಿರುವುದು ಪುರುಸೊತ್ತು. ‘ಮನಸ್ಸಾಗಲಿಲ್ಲ’ ಎಂಬಲ್ಲಿ ಮನಸ್ಸು. ‘ಚಟ ಬಿಡುತ್ತಿಲ್ಲ’ ಎಂಬಲ್ಲಿ ಚಟವೇ ಯಜಮಾನನಾಗಿ, ಮನುಷ್ಯನು ಅದು ಬಿಟ್ಟಾಗ ಬಿಡುಗಡೆ ಹೊಂದಬೇಕಾದ ಸೆರೆಯಾಳಾಗಿದ್ದಾನೆ.

ಈ ಪ್ರಯೋಗಗಳು ತಪ್ಪೆಂದಲ್ಲ. ಜ್ವರ ಬಂದವನು ‘ಏಳಲು ಆಗಲಿಲ್ಲ’ ಎಂದರೆ ಅದು ಸತ್ಯ. ಅಸಾಧ್ಯವನ್ನು ಅಸಾಧ್ಯವೆಂದು ಹೇಳಲು ಭಾಷೆಗೆ ಇಂಥ ರೂಪಗಳು ಬೇಕೇ ಬೇಕು. ದೋಷವಿರುವುದು, ಮಾಡದೆ ಬಿಟ್ಟದ್ದನ್ನು ಆಗದೆ ಹೋದದ್ದೆಂದು ಹೇಳಿಕೊಳ್ಳುವಲ್ಲಿ. ಆಗ ಮಾತು ಇತರರಿಗಿಂತ ಮೊದಲು ಆಡುವವನನ್ನೇ ವಂಚಿಸುತ್ತದೆ. ‘ಆಗಲಿಲ್ಲ’ ಎಂದು ಪದೇ ಪದೇ ಹೇಳಿಕೊಂಡವನು ಕೊನೆಗೆ ‘ಆಗುವುದಿಲ್ಲ’ ಎಂದು ನಂಬತೊಡಗುತ್ತಾನೆ.

‘ಬೇಕು’ ಎಂಬ ರೂಪವನ್ನು ಇಲ್ಲಿ ವಿಶೇಷವಾಗಿ ಪರಿಶೀಲಿಸಬೇಕು. ಗುರಿಯನ್ನು ಹೇಳುವಾಗ ಜನರು ಅತ್ಯಂತ ಹೆಚ್ಚಾಗಿ ಬಳಸುವ ರೂಪಗಳಲ್ಲಿ ಇದೊಂದು. ‘ನಾನು ಓದಬೇಕು’, ‘ನೀನು ಓದಬೇಕು’, ‘ಅವರು ಓದಬೇಕು’: ಮೂರು ಪುರುಷಗಳಲ್ಲಿಯೂ ಕ್ರಿಯಾರೂಪ ಒಂದೇ. ‘ಓದುತ್ತೇನೆ’ ಎಂಬಲ್ಲಿ ‘ಏನೆ’ ಎಂಬ ಆಖ್ಯಾತ ಪ್ರತ್ಯಯ ಉತ್ತಮಪುರುಷನನ್ನು ಕ್ರಿಯಾಪದಕ್ಕೆ ಬೆಸೆದಿರುತ್ತದೆ. ‘ನಾನು’ ಎಂಬ ಸರ್ವನಾಮವನ್ನು ಬಿಟ್ಟರೂ ಓದುವವನು ಯಾರೆಂಬುದು ತಿಳಿಯುತ್ತದೆ. ‘ಓದಬೇಕು’ ಎಂಬಲ್ಲಿ ಆ ಬೆಸುಗೆಯಿಲ್ಲ. ಅದು ಕರ್ತವ್ಯವನ್ನು ಘೋಷಿಸುತ್ತದೆಯೇ ಹೊರತು ಕರ್ತೃವನ್ನು ನಿಯೋಜಿಸುವುದಿಲ್ಲ. ಹತ್ತು ಜನ ಸೇರಿದ ಸಭೆಯಲ್ಲಿ ‘ಈ ಕೆಲಸ ಆಗಬೇಕು’ ಎಂದು ಎಲ್ಲರೂ ಒಪ್ಪಿ ಎದ್ದುಹೋದ ಮೇಲೆ ಆ ಕೆಲಸ ಏನಾಗುತ್ತದೆಂಬುದು ಎಲ್ಲರಿಗೂ ತಿಳಿದ ವಿಷಯವೇ. ಒಬ್ಬನೇ ಮನುಷ್ಯನೊಳಗೂ ಇಂಥ ಸಭೆ ನಡೆಯುವುದುಂಟು.

ಕಾಲ ಮತ್ತು ಸಂಭಾವನೆ

ಕನ್ನಡ ಕ್ರಿಯಾಪದವು ಕಾಲವನ್ನು ಸೂಚಿಸುವುದರಲ್ಲಿಯೂ ಆಡುವವನ ಮನಸ್ಸಿನ ಸ್ಥಿತಿ ವ್ಯಕ್ತವಾಗುತ್ತದೆ. ‘ಓದಿಯೇನು’ ಎಂಬುದು ಸಂಭಾವನಾರ್ಥಕ. ಓದಿದರೂ ಓದಬಹುದು, ಇಲ್ಲದೆಯೂ ಇರಬಹುದು. ‘ಓದುವೆನು’ ಎಂಬುದು ಭವಿಷ್ಯತ್ಕಾಲ. ‘ಓದುತ್ತೇನೆ’ ಎಂಬುದು ರೂಪದಲ್ಲಿ ವರ್ತಮಾನ. ಆದರೆ ಇಂದಿನ ಬಳಕೆಯಲ್ಲಿ ‘ನಾಳೆ ಓದುತ್ತೇನೆ’ ಎಂದು ಭವಿಷ್ಯಕ್ಕೂ ಸಲ್ಲುತ್ತದೆ, ‘ದಿನವೂ ಓದುತ್ತೇನೆ’ ಎಂದು ನಿತ್ಯದ ರೂಢಿಗೂ ಸಲ್ಲುತ್ತದೆ. ಕರೆದವರಿಗೆ ‘ಇಗೋ, ಬಂದೆ’ ಎಂದು ಉತ್ತರ ಕೊಡುವವನು ಇನ್ನೂ ಎದ್ದಿರುವುದಿಲ್ಲ. ಆದರೂ ಭೂತಕಾಲವನ್ನು ಬಳಸುತ್ತಾನೆ. ಮಾಡುವುದು ನಿಶ್ಚಿತವಾದಾಗ ಆದದ್ದೆಂಬಂತೆಯೇ ಹೇಳುವ ಈ ಬಳಕೆಯನ್ನು ವೈಯಾಕರಣರು ಕಾಲಪಲ್ಲಟವೆಂದು ಗುರುತಿಸುತ್ತಾರೆ. ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುವ ಸಂಪ್ರದಾಯದಲ್ಲಿಯೂ ಮರಳುವ ಭಾಷೆಯೊಂದು ಅಡಗಿದೆ.

ಭಾಷೆಯ ವ್ಯಾಕರಣವೇ ಜನರ ನಡತೆಯನ್ನು ರೂಪಿಸುತ್ತದೆಯೆ ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರೂ ಎತ್ತಿಕೊಂಡಿದ್ದಾರೆ. ಭವಿಷ್ಯವನ್ನು ವರ್ತಮಾನದಿಂದ ಕಡ್ಡಾಯವಾಗಿ ಬೇರ್ಪಡಿಸಿ ಹೇಳುವ ಭಾಷೆಗಳನ್ನಾಡುವವರಿಗಿಂತ, ಹಾಗೆ ಬೇರ್ಪಡಿಸದ ಭಾಷೆಗಳನ್ನಾಡುವವರು ಹೆಚ್ಚು ಹಣ ಉಳಿತಾಯ ಮಾಡುತ್ತಾರೆ, ಕಡಮೆ ಧೂಮಪಾನ ಮಾಡುತ್ತಾರೆ ಎಂದು ಕೀತ್ ಚೆನ್ 2013ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ವಾದಿಸಿದರು. ನಾಳೆಯು ಮಾತಿನಲ್ಲಿ ದೂರವಾದರೆ ಮನಸ್ಸಿನಲ್ಲಿಯೂ ದೂರವಾಗುತ್ತದೆ ಎಂಬುದು ಅದರ ತರ್ಕ. ಆದರೆ ಪರಸ್ಪರ ಬಂಧುತ್ವವುಳ್ಳ ಭಾಷೆಗಳ ಜನರಲ್ಲಿ ಸಂಸ್ಕೃತಿಯ ಸಾಮ್ಯವೂ ಇರುವುದು ಸಹಜವಷ್ಟೆ. 2015ರಲ್ಲಿ ಸೀನ್ ರಾಬರ್ಟ್ಸ್, ಜೇಮ್ಸ್ ವಿಂಟರ್ಸ್ ಅವರೊಡನೆ ಸ್ವತಃ ಚೆನ್ ಅವರೂ ಸೇರಿ ಈ ಬಂಧುತ್ವವನ್ನು ಲೆಕ್ಕಕ್ಕೆ ತಂದು ಪರೀಕ್ಷಿಸಿದಾಗ ಆ ಸಂಬಂಧ ಬಹಳ ದುರ್ಬಲವಾಯಿತು. ಆದಕಾರಣ ಒಂದು ಭಾಷೆ ತನ್ನವರನ್ನು ಮಿತವ್ಯಯಿಗಳನ್ನಾಗಿಯೂ ಇನ್ನೊಂದು ದುಂದುಗಾರರನ್ನಾಗಿಯೂ ಮಾಡುತ್ತದೆ ಎಂದು ಹೇಳಲು ಆಧಾರ ಸಾಲದು. ವಿಚಾರಾರ್ಹವಾದುದು, ಒಂದೇ ಭಾಷೆಯೊಳಗೆ ಲಭ್ಯವಿರುವ ಅನೇಕ ರೂಪಗಳಲ್ಲಿ ಮನುಷ್ಯನು ಯಾವುದನ್ನು ಆರಿಸಿಕೊಳ್ಳುತ್ತಾನೆ ಎಂಬುದು.

ಈ ಆಯ್ಕೆಯಲ್ಲಿ ಒಂದು ಎಚ್ಚರಿಕೆಯೂ ಅವಶ್ಯ. ಮಾತಿನ ಗಟ್ಟಿತನವೇ ಸಂಕಲ್ಪದ ಗಟ್ಟಿತನವಲ್ಲ. ‘ಓದಿಯೇ ತೀರುತ್ತೇನೆ’ ಎಂಬ ಅವಧಾರಣೆಯ ವಾಕ್ಯವು ಕೇಳುವುದಕ್ಕೆ ದೃಢವಾಗಿದೆ. ಆದರೆ ಎಷ್ಟು ಹೊತ್ತಿಗೆ, ಎಲ್ಲಿ, ಏನನ್ನು ಎಂಬುದನ್ನು ಅದು ಹೇಳುವುದಿಲ್ಲ. ‘ಸಂಜೆ ಆರಕ್ಕೆ ಓದುತ್ತೇನೆ’ ಎಂಬ ತಗ್ಗಿದ ದನಿಯ ಮಾತಿನಲ್ಲಿ ಅದಕ್ಕಿಂತ ಹೆಚ್ಚಿನ ಬಂಧನವಿದೆ.

ನಿಷೇಧದ ನಾಲ್ಕು ಬಗೆ

ಬಿಡಬೇಕಾದುದನ್ನು ಬಿಡುವ ಸಂಕಲ್ಪಗಳಿಗೆ ನಿಷೇಧರೂಪ ಬೇಕಾಗುತ್ತದೆ. ಈ ವಿಷಯದಲ್ಲಿ ಕನ್ನಡದ ಸಂಪತ್ತು ಗಮನಾರ್ಹವಾದುದು. ‘ಕುಡಿಯಲಾರೆ’ ಎಂದರೆ ಶಕ್ತಿಯಿಲ್ಲ. ‘ಕುಡಿಯಬಾರದು’ ಎಂದರೆ ಯಾರೋ ತಡೆದಿದ್ದಾರೆ: ವೈದ್ಯರೋ ಹಿರಿಯರೋ ಶಾಸ್ತ್ರವೋ. ‘ಕುಡಿಯುವುದಿಲ್ಲ’ ಎಂದರೆ ಅದು ಆಡುವವನ ರೂಢಿ. ‘ಒಲ್ಲೆ’ ಎಂದರೆ ಅದು ಆಡುವವನ ಇಚ್ಛೆ. ನಾಲ್ಕರ ಫಲ ಒಂದೇ ಆದರೂ ನಿಷೇಧದ ಮೂಲ ಬೇರೆ ಬೇರೆ. ಮೊದಲೆರಡರಲ್ಲಿ ಅದು ಹೊರಗಿನಿಂದ ಬಂದದ್ದು, ಕೊನೆಯ ಎರಡರಲ್ಲಿ ಒಳಗಿನಿಂದ ಹುಟ್ಟಿದ್ದು.

ಈ ಭೇದದ ಪರಿಣಾಮವನ್ನು ವನೆಸ್ಸಾ ಪ್ಯಾಟ್ರಿಕ್ ಮತ್ತು ಹೆನ್ರಿಕ್ ಹಾಗ್ಟ್‌ವೆಟ್ ಎಂಬ ವಿದ್ವಾಂಸರು ಇಂಗ್ಲಿಷಿನಲ್ಲಿ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಒಂದು ಪ್ರಯೋಗದಲ್ಲಿ 120 ವಿದ್ಯಾರ್ಥಿಗಳಿದ್ದರು. ಆಸೆ ಹುಟ್ಟಿಸುವ ತಿಂಡಿ ಎದುರಾದಾಗ ‘ತಿನ್ನುವಂತಿಲ್ಲ’ ಎಂಬರ್ಥದ ಮಾತನ್ನು ಹೇಳಿಕೊಳ್ಳುವಂತೆ ಕೆಲವರಿಗೂ, ‘ತಿನ್ನುವುದಿಲ್ಲ’ ಎಂಬರ್ಥದ ಮಾತನ್ನು ಹೇಳಿಕೊಳ್ಳುವಂತೆ ಉಳಿದವರಿಗೂ ತಿಳಿಸಲಾಯಿತು. ಹೊರಡುವಾಗ ಚಾಕೊಲೇಟನ್ನೋ ಧಾನ್ಯದ ತಿಂಡಿಯನ್ನೋ ಆರಿಸಿಕೊಳ್ಳುವ ಅವಕಾಶವಿತ್ತು. ಮೊದಲ ಗುಂಪಿನಲ್ಲಿ ನೂರಕ್ಕೆ 39 ಮಂದಿ, ಎರಡನೆಯದರಲ್ಲಿ ನೂರಕ್ಕೆ 64 ಮಂದಿ ಧಾನ್ಯದ ತಿಂಡಿಯನ್ನು ಆರಿಸಿಕೊಂಡರು. ಆರೋಗ್ಯದ ಗುರಿಯಿಟ್ಟುಕೊಂಡ 30 ಮಹಿಳೆಯರನ್ನು ಹತ್ತು ಹತ್ತರಂತೆ ವಿಂಗಡಿಸಿ ಹತ್ತು ದಿನ ನಡೆಸಿದ ಮತ್ತೊಂದು ಪ್ರಯೋಗದಲ್ಲಿ, ‘ಮಾಡುವುದಿಲ್ಲ’ ಎಂಬ ಮಾತನ್ನು ಹಿಡಿದ ಹತ್ತು ಮಂದಿಯಲ್ಲಿ ಎಂಟು ಮಂದಿ ಕೊನೆಯವರೆಗೆ ನಿಂತರು. ‘ಮಾಡುವಂತಿಲ್ಲ’ ಎಂಬುದನ್ನು ಹಿಡಿದವರಲ್ಲಿ ಒಬ್ಬರು ಮಾತ್ರ. ಇಂಥದೆಂದು ಯಾವ ಮಾತನ್ನೂ ಸೂಚಿಸದೆ ಬರಿದೆ ನಿರಾಕರಿಸುವಂತೆ ತಿಳಿಸಿದವರಲ್ಲಿ ಮೂವರು. ಮೂವತ್ತು ಜನರ ಮೇಲಿನ ಪರೀಕ್ಷೆಯಿಂದ ಲೋಕಕ್ಕೆಲ್ಲ ಅನ್ವಯಿಸುವ ನಿಯಮ ಹೊರಡುವುದಿಲ್ಲವಾದರೂ, ಅದು ತೋರುವ ದಿಕ್ಕು ಸ್ಪಷ್ಟವಾಗಿದೆ. ಹೊರಗಿನ ತಡೆಯೆಂದು ಹೇಳಿಕೊಂಡ ನಿಯಮವನ್ನು ಮೀರಲು ಮನಸ್ಸು ಸಂದು ಹುಡುಕುತ್ತದೆ. ತನ್ನದೆಂದು ಹೇಳಿಕೊಂಡ ನಿಯಮವನ್ನು ಮೀರಿದರೆ ತನ್ನನ್ನೇ ಮೀರಿದಂತಾಗುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಹಳಗನ್ನಡದ ನಿಷೇಧಕ್ರಿಯೆಯಲ್ಲಿ ಕಾಲಪ್ರತ್ಯಯವೇ ಇಲ್ಲ. ‘ಮಾಡಿದೆನು’ ಎಂಬಲ್ಲಿ ದಕಾರವೂ ‘ಮಾಡುವೆನು’ ಎಂಬಲ್ಲಿ ವಕಾರವೂ ಧಾತುವಿಗೂ ಆಖ್ಯಾತ ಪ್ರತ್ಯಯಕ್ಕೂ ನಡುವೆ ನಿಂತು ಕಾಲವನ್ನು ತಿಳಿಸುತ್ತವೆ. ‘ಮಾಡೆನು’ ಎಂಬಲ್ಲಿ ‘ಮಾಡು’ ಧಾತುವಿಗೆ ‘ಎನು’ ನೇರವಾಗಿ ಬಂದು ಹತ್ತಿದೆ. ಹಿಂದೆ ಮಾಡಿಲ್ಲ, ಈಗ ಮಾಡುತ್ತಿಲ್ಲ, ಮುಂದೆ ಮಾಡುವುದಿಲ್ಲ ಎಂಬ ಮೂರೂ ಅರ್ಥಗಳಿಗೆ ಈ ಒಂದು ರೂಪ ಸಂದರ್ಭಾನುಸಾರ ಸಲ್ಲುತ್ತದೆ. ಕ್ರಿಯೆ ಮತ್ತು ಕರ್ತೃ, ಎರಡೇ ಅದರಲ್ಲಿರುವುದು. ‘ನಾಳೆಯಿಂದ’ ಎಂದು ನುಸುಳಿಕೊಳ್ಳಲು ಕಾಲಕ್ಕೆ ಎಡೆಯಿಲ್ಲ. ಹೊಸಗನ್ನಡದ ‘ಮಾಡುವುದಿಲ್ಲ’ ಎಂಬ ರೂಪದಲ್ಲಿ ಪುರುಷಪ್ರತ್ಯಯ ಕಳೆದುಹೋಗಿದೆ. ನಾನು, ನೀನು, ಅವನು ಎಂಬ ಎಲ್ಲಕ್ಕೂ ಅದು ಒಂದೇ. ಆದುದರಿಂದ ಇಂದಿನವರು ಸಂಕಲ್ಪಿಸುವಾಗ ‘ನಾನು’ ಎಂಬ ಪದವನ್ನು ಬಿಡದೆ ಸೇರಿಸಿ ಹೇಳುವುದು ಲೇಸು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಇನ್ನೂ ಬದುಕಿರುವ ‘ಒಲ್ಲೆ’ ಎಂಬ ಪುಟ್ಟ ಪದ ಆ ಹಳೆಯ ನಿಷೇಧದ ಸತ್ತ್ವವನ್ನು ಉಳಿಸಿಕೊಂಡಿದೆ.

ದೇಶಕಾಲಗಳ ಉಚ್ಚಾರ

ಪೂಜೆ, ವ್ರತಾದಿಗಳ ಆರಂಭದಲ್ಲಿ ಮಾಡುವ ಸಂಕಲ್ಪದ ರಚನೆ ವಿಶಿಷ್ಟವಾದುದು. ಅಲ್ಲಿ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರಗಳನ್ನು ಕ್ರಮವಾಗಿ ಉಚ್ಚರಿಸಲಾಗುತ್ತದೆ, ಸ್ಥಳವನ್ನು ಹೇಳಲಾಗುತ್ತದೆ, ಮಾಡುವವನ ಹೆಸರು ಬರುತ್ತದೆ, ಮಾಡುವ ಕರ್ಮವೂ ಅದರ ಉದ್ದೇಶವೂ ಬರುತ್ತವೆ. ಕೊನೆಗೆ ‘ಕರಿಷ್ಯೇ’ ಎಂಬ ಕ್ರಿಯಾಪದ. ಇದು ಆತ್ಮನೇಪದ ರೂಪ. ಇಂಥ ಧಾತುಗಳಲ್ಲಿ ಕ್ರಿಯೆಯ ಫಲವು ಕರ್ತೃವಿಗೇ ಸೇರುವಾಗ ಆತ್ಮನೇಪದ ಬರುತ್ತದೆ ಎಂದು ಪಾಣಿನಿಯ ವ್ಯಾಕರಣ ವಿಧಿಸುತ್ತದೆ. ಮತ್ತೊಬ್ಬರ ಸಲುವಾಗಿ ಮಾಡುವವನು ‘ಕರಿಷ್ಯಾಮಿ’ ಎನ್ನಬೇಕು. ತನಗಾಗಿ, ತಾನೇ, ಇಂಥ ದಿನ, ಇಂಥ ಸ್ಥಳದಲ್ಲಿ, ಇಂಥದನ್ನು ಮಾಡುತ್ತೇನೆ ಎಂಬಷ್ಟನ್ನೂ ಒಂದೇ ವಾಕ್ಯದಲ್ಲಿ ಕಟ್ಟಿಕೊಟ್ಟಿರುವ ಈ ಪದ್ಧತಿಯನ್ನು ಯಾಂತ್ರಿಕವಾಗಿ ಒಪ್ಪಿಸುವವರು ಅದರ ಮರ್ಮವನ್ನು ಕಳೆದುಕೊಳ್ಳುತ್ತಾರೆ.

ಆಧುನಿಕ ಮನೋವಿಜ್ಞಾನದಲ್ಲಿ ಇದಕ್ಕೆ ಸಮೀಪವಾದ ಸಂಶೋಧನೆ ಜರ್ಮನಿಯ ಪೀಟರ್ ಗಾಲ್ವಿಟ್ಜರ್ ಅವರದು. ‘ಇಂಥದನ್ನು ಸಾಧಿಸುತ್ತೇನೆ’ ಎಂಬ ಗುರಿಯ ವಾಕ್ಯಕ್ಕೂ, ‘ಇಂಥ ಸಂದರ್ಭ ಬಂದಾಗ ಇಂಥದನ್ನು ಮಾಡುತ್ತೇನೆ’ ಎಂಬ ಕಾರ್ಯದ ವಾಕ್ಯಕ್ಕೂ ಇರುವ ಅಂತರವನ್ನು ಅವರು ಪ್ರಯೋಗಗಳಿಂದ ತೋರಿಸಿದರು. 1997ರಲ್ಲಿ ಬ್ರಾಂಡ್‌ಸ್ಟೆಟರ್ ಅವರೊಡನೆ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕ್ರಿಸ್‌ಮಸ್ ರಜೆಯ ಸಮಯದಲ್ಲಿ ಒಂದು ವರದಿಯನ್ನು ಬರೆದು ಕಳುಹಿಸುವಂತೆ ವಿದ್ಯಾರ್ಥಿಗಳನ್ನು ಕೇಳಲಾಗಿತ್ತು. ಎಲ್ಲಿ, ಯಾವಾಗ ಬರೆಯುವೆನೆಂಬುದನ್ನು ಮೊದಲೇ ನಿಗದಿಪಡಿಸಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಹೊತ್ತಿಗೆ ಸರಿಯಾಗಿ ಬರೆದರು. ಬರೆಯುವ ಇಚ್ಛೆಯನ್ನಷ್ಟೇ ಇಟ್ಟುಕೊಂಡವರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ. 2006ರಲ್ಲಿ ಪಾಸ್ಕಲ್ ಶೀರನ್ ಅವರೊಡನೆ ಸೇರಿ 94 ಪರೀಕ್ಷೆಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದಾಗಲೂ ಈ ಪರಿಣಾಮ ಉಳಿದುಬಂತು. ಹೊತ್ತೂ ಎಡೆಯೂ ಮಾತಿನಲ್ಲಿ ಸೇರಿದ್ದರೆ, ಆ ಹೊತ್ತು ಬಂದಾಗ ಅದೇ ನೆನಪಿಸುತ್ತದೆ. ಮನಸ್ಸು ಮತ್ತೆ ಚರ್ಚೆಗೆ ಕುಳಿತುಕೊಳ್ಳಬೇಕಾಗಿಲ್ಲ. ಇಷ್ಟಲಿಂಗಪೂಜೆಯನ್ನು ನಿಯತಕಾಲದಲ್ಲಿ ನಡೆಸುವ ಭಕ್ತನು ‘ಇಂದು ಪೂಜೆ ಮಾಡಲೋ ಬೇಡವೋ’ ಎಂದು ಪ್ರತಿದಿನ ಆಲೋಚಿಸುವುದಿಲ್ಲವಷ್ಟೆ.

ಕಾಲದಂತೆ ಪ್ರಮಾಣವೂ ಮಾತಿನಲ್ಲಿ ಬರಬೇಕು. ಆಯ್ದಕ್ಕಿ ಮಾರಯ್ಯನವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ವೃತ್ತಾಂತ ಸುಪ್ರಸಿದ್ಧ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪತ್ನಿ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ಅಂದಂದಿನ ದಾಸೋಹಕ್ಕೆ ಅಂದಂದಿನ ಅಕ್ಕಿ ಎಂಬ ಅಳತೆ ಮೊದಲೇ ನಿಂತಿದ್ದುದರಿಂದಲೇ ಹೆಚ್ಚಾದದ್ದು ಕಣ್ಣಿಗೆ ಬಿತ್ತು. ‘ಆದಷ್ಟು ಮಿತವಾಗಿರುತ್ತೇನೆ’ ಎಂಬ ಮಾತಿಗೆ ಅಳತೆಯಿಲ್ಲ. ಆದ್ದರಿಂದ ಅದು ಎಂದೂ ಮುರಿದಂತೆ ಕಾಣುವುದಿಲ್ಲ, ಎಂದೂ ನಡೆದಂತೆಯೂ ಆಗುವುದಿಲ್ಲ.

ಸಾಕ್ಷಿಯೂ ಸಭೆಯೂ

ಸಂಕಲ್ಪವನ್ನು ನಾಲ್ವರ ಮುಂದೆ ಹೇಳಿದರೆ ಅದು ಗಟ್ಟಿಯಾಗುತ್ತದೆ ಎಂಬ ನಂಬಿಕೆ ಲೋಕದಲ್ಲಿದೆ. ಗಾಲ್ವಿಟ್ಜರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ತಿದ್ದುಪಡಿಯನ್ನು ಸೂಚಿಸುತ್ತವೆ. ಒಳ್ಳೆಯ ನ್ಯಾಯವಾದಿಯಾಗಬೇಕೆಂಬಂಥ, ತನ್ನ ವ್ಯಕ್ತಿತ್ವಕ್ಕೆ ಸಂಬಂಧಿಸಿದ ಗುರಿಯ ಸಲುವಾಗಿ ಮಾಡಲಿರುವ ಪ್ರಯತ್ನವನ್ನು ಇತರರು ಕೇಳಿ ಗಮನಕ್ಕೆ ತಂದುಕೊಂಡಾಗ, ಹೇಳಿದವರ ಪ್ರಯತ್ನ ಹೆಚ್ಚುವುದರ ಬದಲು ತಗ್ಗಿತು. ಕೇಳಿದವರ ಮೆಚ್ಚುಗೆಯಲ್ಲಿಯೇ ಗುರಿಯ ಒಂದು ಭಾಗ ಕೈಗೂಡಿದಂತೆ ತೋರಿ ಮನಸ್ಸು ತಣಿಯುತ್ತದೆ ಎಂಬುದು ಅವರ ವಿವರಣೆ.

ಆದರೆ ಸಭೆ ಬೇರೆ, ಸಾಕ್ಷಿ ಬೇರೆ. ಸಭೆಯು ಮೆಚ್ಚಿ ಎದ್ದುಹೋಗುತ್ತದೆ. ಸಾಕ್ಷಿಯು ಉಳಿದುಕೊಂಡು ನಾಳೆ ಕೇಳುತ್ತದೆ. ವಚನಕಾರರು ತಮ್ಮ ಉಕ್ತಿಯ ಕೊನೆಯಲ್ಲಿ ಇಷ್ಟದೈವದ ಅಂಕಿತವನ್ನು ಇರಿಸಿದಾಗ ಆ ಮಾತಿಗೊಂದು ಸಾಕ್ಷಿ ದೊರೆಯುತ್ತದೆ. ವ್ರತಾಚಾರಗಳನ್ನೇ ಮುಖ್ಯ ವಸ್ತುವಾಗಿ ಉಳ್ಳ ಅಕ್ಕಮ್ಮನ ವಚನಗಳ ಅಂಕಿತ ‘ಆಚಾರವೆ ಪ್ರಾಣವಾದ ರಾಮೇಶ್ವರಲಿಂಗ’ ಎಂದಿರುವುದು ಅರ್ಥಪೂರ್ಣ. ಮಾತು ಮುಗಿಯುವಾಗಲೆಲ್ಲ ನಡೆಯ ಹೆಸರೇ ಎದುರಿಗೆ ಬಂದು ನಿಲ್ಲುತ್ತದೆ.

ಈ ಕಾಲದ ಒಂದು ನಿದರ್ಶನವನ್ನು ಇಲ್ಲಿ ಸ್ಮರಿಸುವುದು ಉಚಿತ. ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಊರೂರಿಗೆ ಹೊರಟರು. ಅವರು ಬೇಡಿದ ಭಿಕ್ಷೆ ಕಾಳಲ್ಲ, ಹಣವಲ್ಲ, ಜನರ ದುಶ್ಚಟಗಳು. ಕುಡಿತ, ಧೂಮಪಾನ ಮುಂತಾದವನ್ನು ಜೋಳಿಗೆಗೆ ಹಾಕಿಬಿಡಿ ಎಂಬುದು ಅವರ ಕೋರಿಕೆ. ಇದು ‘ಮಹಾಂತ ಜೋಳಿಗೆ’ ಎಂದು ಪ್ರಸಿದ್ಧವಾಯಿತು. 2018ರಲ್ಲಿ ಅವರು ಲಿಂಗೈಕ್ಯರಾದರು; ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತಿದೆ. ಭಾಷೆಯ ದೃಷ್ಟಿಯಿಂದ ನೋಡಿದರೆ ಈ ಕಾರ್ಯದ ಸೂಕ್ಷ್ಮತೆ ಹೊಳೆಯುತ್ತದೆ. ‘ಕುಡಿಯಬಾರದು’ ಎಂದು ಬೋಧಿಸಿದರೆ ನಿಷೇಧ ಹೊರಗಿನದಾಗುತ್ತದೆ. ‘ನಿನ್ನ ಚಟವನ್ನು ಕೊಡು’ ಎಂದು ಬೇಡಿದಾಗ ವ್ಯಸನಿಯು ದಾನಿಯ ಸ್ಥಾನಕ್ಕೆ ಏರುತ್ತಾನೆ. ಚಟ ಅವನನ್ನು ಬಿಡಬೇಕಾಗಿಲ್ಲ. ಅವನೇ ಅದನ್ನು ಕೊಡುತ್ತಾನೆ. ಕೊಟ್ಟದ್ದನ್ನು ಮರಳಿ ಕೇಳುವುದು ಮರ್ಯಾದೆಯಲ್ಲ ಎಂಬ ಲೋಕರೂಢಿಯೂ ಅವನ ಬೆಂಬಲಕ್ಕೆ ನಿಲ್ಲುತ್ತದೆ. ಮಾತು ‘ಬಿಡಬೇಕು’ ಎಂಬಲ್ಲಿಂದ ‘ಕೊಟ್ಟೆ’ ಎಂಬಲ್ಲಿಗೆ ದಾಟುತ್ತದೆ.

ಹೆಸರಿನ ಮಿತಿ, ಎಡವಿದವನ ಮಾತು

ಕ್ರಿಯೆಯನ್ನು ಹೇಳುವ ಬದಲು ಹೆಸರನ್ನು ಇಟ್ಟುಕೊಂಡರೆ ಸಂಕಲ್ಪ ಬಲವಾಗುತ್ತದೆಂಬ ವಾದವೂ ಇದೆ. ‘ಮತ ಹಾಕುವುದು’ ಎನ್ನುವುದಕ್ಕಿಂತ ‘ಮತದಾರರಾಗುವುದು’ ಎಂದು ಕೇಳಿದಾಗ ಹೆಚ್ಚು ಜನ ಮತ ಹಾಕಿದರೆಂದು ಕ್ರಿಸ್ಟಫರ್ ಬ್ರಯನ್ ಮತ್ತು ಸಂಗಡಿಗರು 2011ರಲ್ಲಿ ವರದಿ ಮಾಡಿದರು. 2016ರಲ್ಲಿ ಬೇರೆ ವಿದ್ವಾಂಸರು ವಿಸ್ತಾರವಾಗಿ ನಡೆಸಿದ ಪರೀಕ್ಷೆಯಲ್ಲಿ ಆ ಪರಿಣಾಮ ಕಾಣಲಿಲ್ಲ. ಹೆಸರು ಮಾತ್ರ ನಡೆಯನ್ನು ತರುತ್ತದೆಂಬುದು ಸಂದೇಹಾಸ್ಪದ. ಭಕ್ತನೆಂಬ ಹೆಸರಿಗೂ ಭಕ್ತನ ನಡೆಗೂ ಇರುವ ಅಂತರವನ್ನು ಶರಣರು ನಿಷ್ಠುರವಾಗಿ ಪರೀಕ್ಷಿಸಿದರು. ಅಂಬಿಗರ ಚೌಡಯ್ಯನವರಂತೂ ವೇಷಧಾರಿಗಳನ್ನು ಖಂಡಿಸುವುದರಲ್ಲಿ ಯಾರನ್ನೂ ಬಿಡಲಿಲ್ಲ. ಹೆಸರು ನಡೆಯ ಫಲವಾಗಿ ಬರಬೇಕೇ ಹೊರತು ನಡೆಗೆ ಬದಲಾಗಿ ಬರಬಾರದು.

ಭಾಷೆಯ ಬಲವೂ ತಾನಾಗಿ ಒಳ್ಳೆಯದಲ್ಲ. ಹೊಯ್ಸಳ ಇಮ್ಮಡಿ ವೀರಬಲ್ಲಾಳನು 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮನು ಕೊಟ್ಟ ಭಾಷೆಯಂತೆ ಪತ್ನಿಯೊಡನೆಯೂ ಅನುಚರರೊಡನೆಯೂ ಪ್ರಾಣವನ್ನು ಅರ್ಪಿಸಿದ ಸಂಗತಿಯನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬದ ಶಾಸನ ಸಾರುತ್ತದೆ. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಅರಸನು ಸತ್ಯಕ್ಕಾಗಿ ರಾಜ್ಯವನ್ನೂ ಸತಿಸುತರನ್ನೂ ತನ್ನನ್ನೂ ಕಳೆದುಕೊಳ್ಳುತ್ತಾನೆ. ಈ ಎರಡೂ ಕಡೆ ಮಾತು ಮನುಷ್ಯನನ್ನು ಕಟ್ಟುವ ಶಕ್ತಿ ಒಂದೇ. ಯಾವುದಕ್ಕೆ ಕಟ್ಟಿತು ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಸಂಕಲ್ಪಿಸುವ ಮೊದಲು ವಿವೇಕ ಬೇಕು.

ಇನ್ನು ತಪ್ಪಿದವನು ತನಗೆ ಏನೆಂದು ಹೇಳಿಕೊಳ್ಳಬೇಕು? ಇದು ಕೊನೆಯ ಪ್ರಶ್ನೆಯಾದರೂ ಮುಖ್ಯವಾದುದು. ಕುಡಿತ ಬಿಟ್ಟವನು ಒಂದು ಸಂಜೆ ಕುಡಿದನೆನ್ನೋಣ. ‘ವ್ರತ ಕೆಟ್ಟಿತು, ನಾನು ಕೆಟ್ಟೆ’ ಎಂದುಕೊಂಡರೆ ಮರುದಿನ ಕುಡಿಯದಿರಲು ಕಾರಣವೇ ಉಳಿಯುವುದಿಲ್ಲ. ವ್ಯಸನಗಳ ಮರುಕಳಿಕೆಯನ್ನು ಅಧ್ಯಯನ ಮಾಡಿದ ಅಮೆರಿಕದ ಮನೋವಿಜ್ಞಾನಿ ಅಲನ್ ಮಾರ್ಲಟ್, ಜುಡಿತ್ ಗಾರ್ಡನ್ ಅವರೊಡನೆ 1985ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ವಿವರಿಸಿದ್ದಾರೆ. ಒಂದು ಸಲದ ತಪ್ಪನ್ನು ತನ್ನ ಸ್ವಭಾವದ ಶಾಶ್ವತ ದೌರ್ಬಲ್ಯವೆಂದು ಭಾವಿಸಿದವನು ಪೂರ್ತಿಯಾಗಿ ಜಾರುವ ಸಂಭವ ಹೆಚ್ಚು. ಒಂದು ಸಂದರ್ಭದಲ್ಲಾದ ತಪ್ಪೆಂದು ಕಂಡವನು ಎಚ್ಚತ್ತುಕೊಳ್ಳಬಲ್ಲ. ಕನ್ನಡದಲ್ಲಿ ‘ಕೆಡು’ ಎಂಬ ಕ್ರಿಯೆ ಇರುವಂತೆ ‘ಎಡವು’ ಎಂಬುದೂ ಇದೆ. ಕೆಟ್ಟ ಹಾಲು ಮತ್ತೆ ಹಾಲಾಗದು. ಎಡವಿದವನು ದಾರಿಯಲ್ಲಿಯೇ ಇದ್ದಾನೆ, ಮುಂದಿನ ಹೆಜ್ಜೆ ಇಡಬಲ್ಲ. ಆದರೆ ಅವನು ‘ಎಡವಿಸಿತು’ ಎನ್ನದೆ ‘ಎಡವಿದೆ’ ಎನ್ನಬೇಕು. ಕರ್ತೃತ್ವವನ್ನು ಬಿಡದೆ, ನಿರಾಶೆಗೂ ಎಡೆಗೊಡದೆ ಇರುವ ಮಾತು ಅದು.

ಒಟ್ಟಿನಲ್ಲಿ, ಮಾತು ಸಾಧನೆಯನ್ನು ತಾನೇ ಮಾಡಿಕೊಡುವುದಿಲ್ಲ. ಸಾಧಿಸುವವನು ಯಾರು, ಯಾವಾಗ, ಎಷ್ಟು ಎಂಬುದನ್ನು ಮರೆಯಾಗದಂತೆ ಎದುರಿಗೆ ನಿಲ್ಲಿಸುತ್ತದೆ. ಆ ಮೂರನ್ನೂ ಒಳಗೊಂಡ ಸರಳವಾಕ್ಯವೊಂದು ಅಬ್ಬರದ ನೂರು ಶಪಥಗಳಿಗಿಂತ ಮೇಲು. ಶರಣರು ನುಡಿಯನ್ನೂ ನಡೆಯನ್ನೂ ಜೊತೆಗೂಡಿಸಿ ಹೇಳಿದ್ದು ನುಡಿಯನ್ನು ಕಡೆಗಣಿಸಲು ಅಲ್ಲ, ನುಡಿಗೆ ಅದರ ಪೂರ್ಣ ಬೆಲೆಯನ್ನು ಕೊಡಲು. ಭಾಷೆಯ ಒಂದು ಅರ್ಥವನ್ನು ಮಾತ್ರ ಉಳಿಸಿಕೊಂಡು ಇನ್ನೊಂದನ್ನು ಕಳೆದುಕೊಂಡವನ ಬಳಿ ಮಾತು ಬಹಳವಿರಬಹುದು, ಕೊಡಲು ಮಾತಿರುವುದಿಲ್ಲ.